ಲೊರೀನ್ ಕೇಳಿದ ಬ್ಯಾಲೆಟ್

ಲೊರೀನ್ ಹುಡಾಕ್ ಒಳಗೊಂದು ಹೊರಗೊಂದು ಇಟ್ಟುಕೊಳ್ಳುವ ಹೆಂಗಸಲ್ಲ. ಅದಕ್ಕೇ ಆ ಮೇ ತಿಂಗಳ ಬೆಳಿಗ್ಗೆ ಅವಳು ದನಿ ತಗ್ಗಿಸಿ ಮಾತಾಡಿದಾಗ ನನಗೆ ಗುಮಾನಿ ಬಂತು.

ಕ್ಲೀವ್‌ಲ್ಯಾಂಡಿನ ಹೊರವಲಯದ ನಮ್ಮ ಬೀದಿಗಳಿಗೆಲ್ಲ ಚರ್ಚಿನ ನೆಲಮಾಳಿಗೆಯೇ ಮತಗಟ್ಟೆ. ಮೇಜಿಗೆ ರಿಪಬ್ಲಿಕನ್ನರ ಕಡೆಯಿಂದ ಒಬ್ಬರು, ಡೆಮಾಕ್ರಟರ ಕಡೆಯಿಂದ ಒಬ್ಬರು ಕೂರಬೇಕು. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಲಿ ಅಂತ. ವರ್ಷಗಟ್ಟಲೆ ಅವಳದು ರಿಪಬ್ಲಿಕನ್ ಕುರ್ಚಿ, ನನ್ನದು ಡೆಮಾಕ್ರಟ್ ಕುರ್ಚಿ. ಮಾಂಸದಂಗಡಿಯ ಗಲ್ಲಾದ ಹಿಂದೆ ನಿಂತುಕೊಂಡೇ ಮಕ್ಕಳನ್ನು ಸಾಕಿದವಳು ಅವಳು. ಚುನಾವಣೆ ದಿನ ಮಾತ್ರ ಚೆನ್ನಾಗಿ ತಲೆ ಬಾಚಿ, ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ಮಾಡಿ ತಂದು, ಠೀವಿಯಿಂದ ಕೂರುತ್ತಿದ್ದಳು. ಆ ಕುರ್ಚಿ ಅಂದರೆ ಅವಳಿಗೆ ಪ್ರಾಣ.

ಅಭ್ಯರ್ಥಿಗಳನ್ನು ಆರಿಸುವ ಮೊದಲ ಸುತ್ತಿನಲ್ಲಿ ಯಾವ ಪಕ್ಷದ ಬ್ಯಾಲೆಟ್ ಬೇಕೆಂದು ಬಾಯಿಬಿಟ್ಟು ಹೇಳಬೇಕು. ಮೇಜಿಗೆ ಕೂರುವ ನಮ್ಮಂಥವರು ಯಾವುದನ್ನು ಕೇಳುತ್ತೇವೋ, ಮುಂದೆ ಆ ಪಕ್ಷದವರೆಂದೇ ಲೆಕ್ಕ; ಬೇರೆ ಪಕ್ಷದ್ದು ಕೇಳಿದರೆ ಕುರ್ಚಿ ಹೋದಂತೆ. ಜನ ಬರುವ ಮೊದಲು ನಾವು ಮತ ಹಾಕುವುದು ರೂಢಿ.

"ನೊರೀನ್, ಡೆಮಾಕ್ರಟ್ ಕೊಡೇ," ಲೊರೀನ್ ನನ್ನತ್ತ ಬಾಗಿ ಅಂದಳು.

"ಏನಂದೆ?"

"ಕಿವಿ ಕೇಳಲ್ವಾ? ನಿಮ್ಮದು ಕೊಡು ಅಂದೆ."

ಮತಗಟ್ಟೆಯ ಯಜಮಾನ ಬರ್ಟ್ ಜೆಲ್ನಿಕ್ ಅವಳ ಪಕ್ಷದವನೇ. ಬಾಯಲ್ಲಿದ್ದ ಪಿಯೆರೋಗಿ ನುಂಗುವುದನ್ನೇ ಮರೆತ. "ಲೊರೀನ್, ತಲೆ ಕೆಟ್ಟಿದ್ಯಾ? ಕುರ್ಚಿ ಹೋಗುತ್ತೆ."

"ಹೋದ್ರೆ ಹೋಗ್ಲಿ."

ನನಗೆ ಮೈ ಉರಿಯಿತು. ಅವರ ಕಡೆಯವರು ನಮ್ಮ ಬ್ಯಾಲೆಟ್ ಕೇಳಿ ಪಡೆದು, ನವೆಂಬರಿನಲ್ಲಿ ತಮ್ಮೆದುರು ಸೋಲುವಂಥ ಗಿರಾಕಿಯನ್ನೇ ನಮ್ಮ ಅಭ್ಯರ್ಥಿಯಾಗಿ ಗೆಲ್ಲಿಸುವ ಹುನ್ನಾರ ನಡೆಸಿದ್ದಾರೆಂದು ವಾರದಿಂದ ಗುಸುಗುಸು ಇತ್ತು. ಇವಳನ್ನೂ ಅದಕ್ಕೇ ಛೂ ಬಿಟ್ಟಿದ್ದಾರೆ ಅಂದುಕೊಂಡೆ. ಬರ್ಟ್‌ನ ಕಣ್ಣಲ್ಲೋ ಅವಳು ನಮಗೆ ಮಾರಿಕೊಂಡವಳು. ಆಮೇಲೆ ದಿನವಿಡೀ ಅವಳ ಪಿಯೆರೋಗಿ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ.

ಸಂಜೆ ಅವಳನ್ನು ಕಾರಿನ ಹತ್ತಿರ ಅಡ್ಡಗಟ್ಟಿದೆ. "ನಿಜ ಹೇಳೇ, ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ನನ್ನ ಮಗಳು ಟ್ರಿಷಾ ಐದು ತಿಂಗಳ ಬಸುರಿ ಇದ್ಲಲ್ಲ, ಮಗು ಉಳಿಯಲ್ಲ ಅಂತ ಗೊತ್ತಾದ್ಮೇಲೂ ಡಾಕ್ಟರುಗಳು ಮುಟ್ಟೋಕೆ ಹೆದರಿದ್ರು. ಗರ್ಭಪಾತದ ಕಾನೂನು ಅಂತೆ. ಮನೆಗೆ ಕಳಿಸಿದ್ರು. ದಾರೀಲಿ ಕಾರಿನ ಸೀಟೆಲ್ಲ ರಕ್ತ. ಅವಳು ಬದುಕಿದ್ದೇ ಹೆಚ್ಚು." ಅವಳು ಕಾರಿಗೆ ಒರಗಿದಳು. "ಆ ಕಾನೂನು ಬೇಕು ಅಂತ ಮನೆ ಮುಂದೆ ಬೋರ್ಡು ನೆಟ್ಟೋಳು ನಾನೇ ಕಣೇ."

"ನಿನ್ನ ಗಂಡ ಏನಂತಾನೆ?"

"ಡೇಲಾ? ದೇವರ ಇಚ್ಛೆ ಅಂತಾನೆ. ನಾನು ಬೋರ್ಡು ಕಿತ್ತರೆ ಮತ್ತೆ ನೆಡ್ತಾನೆ."

ನಾನು ಅವಳ ತೋಳು ಹಿಡಿದುಕೊಂಡೆ. ಆದರೂ ಪೂರ್ತಿ ನಂಬಿದೆ ಅಂದರೆ ಸುಳ್ಳಾದೀತು. ಹಾಗಿದ್ದೂ, ಮೇಜಿಗೆ ನಮ್ಮ ಕಡೆಯಿಂದ ಅವಳನ್ನು ಕೂರಿಸಿ ಅಂತ ನಮ್ಮ ಪಕ್ಷದ ಕಚೇರಿಯಲ್ಲಿ ಕೇಳಿದೆ. "ಅಂಗಳದಲ್ಲಿ ಅವರ ಬೋರ್ಡು ಇಟ್ಕೊಂಡೋಳನ್ನ ಹೆಂಗ್ರೀ ನಂಬೋದು?" ಅಂದರು. ಹೀಗೆ ಅವಳು ಎರಡೂ ಕಡೆಗೆ ಬೇಡವಾದಳು.

ನವೆಂಬರಿನ ಕೊನೆಯ ಸುತ್ತಿನಲ್ಲಿ ಪಕ್ಷ ಕೇಳುವುದಿಲ್ಲ. ಎಲ್ಲರಿಗೂ ಒಂದೇ ಬ್ಯಾಲೆಟ್. ಲೊರೀನ್ ಎಲ್ಲರಂತೆ ಸಾಲಿನಲ್ಲಿ ಬಂದಳು, ಹಿಂದೆಯೇ ಡೇಲ್. ಅವಳು ಬ್ಯಾಲೆಟ್ ಹಿಡಿದು ಮತ ಹಾಕುವ ಮರೆಗೆ ಹೋದರೆ ಅವನೂ ಹೆಗಲಿಗೆ ಹೆಗಲು ತಾಗಿಸಿ ನಿಂತ.

"ಇವಳಿಗೆ ಸಣ್ಣಕ್ಷರ ಕಾಣಲ್ಲ, ನಾನು ನೋಡ್ತೀನಿ," ಅಂದ. ಬರ್ಟ್ ಬೇಕೆಂದೇ ಅತ್ತ ತಿರುಗಿಕೊಂಡ.

"ನನಗೆ ಚೆನ್ನಾಗಿ ಕಾಣುತ್ತೆ," ಲೊರೀನ್ ಗಟ್ಟಿಯಾಗಿ ಅಂದಳು. "ನೊರೀನ್, ಇವರಿಗೆ ನಿಯಮ ಹೇಳು."

ನಾನು ಎದ್ದು ಹೋಗಿ ನಡುವೆ ನಿಂತೆ. "ಡೇಲ್, ಹಿಂದೆ ಸರಿ. ಅವಳು ಕೇಳದೆ ಯಾರೂ ಜೊತೆಗೆ ನಿಲ್ಲೋ ಹಾಗಿಲ್ಲ."

"ನನ್ನ ಹೆಂಡ್ತಿ ಕಣಮ್ಮ ಅವಳು!"

"ಯಾರ ಹೆಂಡ್ತಿಯಾದ್ರೂ ಅಷ್ಟೇ. ಅತ್ತ ಸರಿ."

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವನು ಮುಖ ಕೆಂಪಗೆ ಮಾಡಿಕೊಂಡು ಸರಿದ. "ಯಾರಿಗೆ ಹಾಕ್ತಾಳೆ ಅಂತ ನಿನಗೆ ಗೊತ್ತು, ಅಲ್ವಾ?" ಅಂತ ನನ್ನ ಕಿವಿಯ ಹತ್ತಿರ ಹಲ್ಲು ಕಡಿದ. ಗೊತ್ತಿಲ್ಲ ಅಂದೆ, ನಿಜಕ್ಕೂ ಗೊತ್ತಿರಲಿಲ್ಲ. ಅವನು ನಂಬಲಿಲ್ಲ.

ಲೊರೀನ್ ನಿಧಾನವಾಗಿ ಗುರುತು ಹಾಕಿ, ಬ್ಯಾಲೆಟ್ಟನ್ನು ಯಂತ್ರದೊಳಗೆ ತೂರಿಸಿದಳು. ಡೇಲ್ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ. ಅವಳು ಅದರ ಪಕ್ಕದಲ್ಲೇ ಹಾದು, ಮಗಳ ಮನೆಯ ಕಡೆ ನಡೆದೇ ಹೊರಟಳು.