ಸೊನ್ನೆ ತೋರಿಸಿದ ಮುಳ್ಳು

ಹಳೆಯ ಕಾರು ಕೊಳ್ಳಲು ಹೋಗುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಡ್ಯಾಶ್‌ಬೋರ್ಡಿನ ಮೀಟರುಗಳನ್ನು ನೋಡುತ್ತಾರೆ. ನೋಡಲಿ, ಬೇಡ ಎನ್ನುವುದಿಲ್ಲ. ಆದರೆ ಎಂಜಿನ್ನಿನ ಸದ್ದನ್ನು ಕಿವಿಯಾರೆ ಕೇಳಿದ ಮೇಲೆಯೇ ಮೀಟರಿನ ಮುಳ್ಳನ್ನು ನಂಬಬೇಕು. ಅರಕಲಗೂಡಿನ ಬಸ್ಸೊಂದರಲ್ಲಿ ಕ್ಲೀನರ್ ಆಗಿದ್ದಾಗಲೇ ನಾನು ಕಲಿತ ಬುದ್ಧಿ ಇದು. ಮೂವತ್ತು ತುಂಬುವ ಹೊತ್ತಿಗೆ ಹಾಸನದಲ್ಲಿ ಸ್ವಂತ ಶೆಡ್ಡು ಹಾಕಿಕೊಂಡು, ಹಳೆಯ ಗಾಡಿಗಳನ್ನು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದೆ. ಆ ಬುದ್ಧಿಯನ್ನು ಒಮ್ಮೆ ಎಲ್ಲಿ ಖರ್ಚು ಮಾಡಿದೆ ಎಂಬುದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಹೊಳೆನರಸೀಪುರದ ಅಕ್ಕಿ ಗಿರಣಿಯೊಂದರ ಯಜಮಾನರು ತೀರಿಕೊಂಡಿದ್ದರು. ಅವರ ಬಳಿ ಇಬ್ಬರೇ ಕೂರಬಹುದಾದ, ಬಟ್ಟೆಯ ಮುಚ್ಚಿಗೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಒಂದಿತ್ತು. ಸ್ವದೇಶಕ್ಕೆ ಹೊರಟ ಬಿಳಿಯ ಪ್ಲಾಂಟರೊಬ್ಬನಿಂದ ಖಯಾಲಿಗೆಂದು ಕೊಂಡದ್ದು. ಯಜಮಾನರ ಹೆಂಡತಿ ಅದನ್ನು ಮಾರುತ್ತಾರೆಂದು ಕಿವಿಗೆ ಬಿದ್ದದ್ದೇ ತಡ, ಬೆಳಗಿನ ಬಸ್ಸಿಗೆ ಹೊರಟೆ.

ಗಿರಣಿಯ ಲಾರಿ ಓಡಿಸುತ್ತಿದ್ದ ಡ್ರೈವರೇ ಆ ಕಾರನ್ನೂ ನೋಡಿಕೊಳ್ಳುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ. ಚಕ್ರದ ಕಡ್ಡಿಗಳ ಸಂದಿಯಲ್ಲೂ ಧೂಳಿಲ್ಲದಂತೆ ಇಟ್ಟಿದ್ದ. ಸ್ಟಾರ್ಟ್ ಮಾಡು ಎಂದೆ. ಒಂದೇ ಸಲಕ್ಕೆ ಹಿಡಿಯಿತು. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಗೆ ಕಿವಿ ಕೊಟ್ಟೆ. ಬೇರಿಂಗುಗಳಲ್ಲಿ ಚೂರೂ ಸದ್ದಿಲ್ಲ, ಹಾಲು ಕುಡಿದ ಮಗುವಿನಂತಿತ್ತು. ಆದರೆ ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಎಂಜಿನ್ನಿನೊಳಗೆ ಎಣ್ಣೆ ಎಷ್ಟು ಜೋರಾಗಿ ಹರಿಯುತ್ತಿದೆ ಎಂದು ತೋರಿಸುವ ಮೀಟರು ಅದು. ನಿಜವಾಗಿ ಸೊನ್ನೆಯಾಗಿದ್ದರೆ ಐದು ನಿಮಿಷದೊಳಗೆ ಎಂಜಿನ್ ಕಟಕಟ ಎಂದು ಬಡಿದುಕೊಳ್ಳಬೇಕು. ಬಡಿಯಲಿಲ್ಲ. ಎಂದರೆ ಕೆಟ್ಟಿರುವುದು ಮೀಟರು, ಇಲ್ಲವೇ ಅದಕ್ಕೆ ಎಣ್ಣೆ ತರುವ ತಾಮ್ರದ ಸಣ್ಣ ಪೈಪು. ಇಷ್ಟು ನನಗೆ ಆ ಐದು ನಿಮಿಷದಲ್ಲೇ ತಿಳಿಯಿತು.

ಅಷ್ಟರಲ್ಲಿ ಗಿರಣಿಯ ಅಮ್ಮನವರು ಹೊರಗೆ ಬಂದರು. ನಾನು ಹಾವು ಕಂಡವನಂತೆ ಹಿಂದೆ ನೆಗೆದೆ.

"ಆಫ್ ಮಾಡಪ್ಪಾ, ಆಫ್ ಮಾಡು! ಮುಳ್ಳು ನೋಡಲಿಲ್ಲವಾ ನೀನು?"

"ಅದು ನಾಕ್ ದಿನದಿಂದ ಮ್ಯಾಲಕ್ಕೇ ಏಳ್ತಿಲ್ಲ ಸಾ," ಎಂದ ಡ್ರೈವರ್. "ಆದ್ರೆ ಎಣ್ಣೆ ಐತೆ. ದಿನಾ ಬೆಳಿಗ್ಗೆ ಎಣ್ಣೆ ಅಳಿಯೋ ಕಡ್ಡಿ ಎತ್ತಿ ನೋಡಿವ್ನಿ."

"ಈಗ ಇದ್ದರೆ ಏನು ಬಂತು? ಹಿಂದೆ ಯಾವಾಗಲೋ ಒಣಗಿಸಿದ್ದೀಯ. ಒಳಗೆಲ್ಲ ತಿಂದುಹೋಗಿದೆ. ತಾಯೀ, ಎಂಜಿನ್ ಮುಗಿಯಿತು ಅಂತ ತಿಳ್ಕೊಳ್ಳಿ. ನಾನು ತಗೊಂಡರೂ ಬಿಡಿ ಸಾಮಾನಿಗೇ ತಗೋಬೇಕು."

ಅಮ್ಮನವರು ನನ್ನ ಕಡೆ ನೋಡಲಿಲ್ಲ. ಆತನ ಕಡೆ ತಿರುಗಿದರು. "ಏನಪ್ಪಾ, ನಿನ್ನ ನಂಬಿ ಅಲ್ವಾ ಅವ್ರು ಬಿಟ್ಟೋಗಿದ್ದು? ಎಣ್ಣೆ ನೋಡೋದಕ್ಕೂ ನಿಂಗೆ ಪುರುಸೊತ್ತಿರ್ಲಿಲ್ವಾ?"

"ನೋಡಿವ್ನಿ ಅಮ್ಮಾವ್ರೇ. ದೇವ್ರಾಣೆ ನೋಡಿವ್ನಿ."

ಮೀಟರು ಕೆಟ್ಟಿರಬಹುದು ಎಂದು ನಾನು ಅಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾರು ಆಗಲೂ ನನಗೇ ಸಿಗುತ್ತಿತ್ತು, ಸ್ವಲ್ಪ ಹೆಚ್ಚು ಕೊಡಬೇಕಾಗುತ್ತಿತ್ತು, ಅಷ್ಟೇ. ಹೇಳಲಿಲ್ಲ. ಅರ್ಧ ಬೆಲೆಗೆ ಮಾತು ಮುಗಿಯಿತು.

ಸುಳ್ಳು ಹೇಳುವವರಿಗೆ ನನ್ನದೊಂದು ಬುದ್ಧಿಮಾತು: ಹೇಳಿದ ಮೇಲೆ ಅದನ್ನು ಸಾಕುವುದಕ್ಕೂ ತಯಾರಿರಬೇಕು. ಎಂಜಿನ್ ಸತ್ತಿದೆ ಎಂದ ಮೇಲೆ ಕಾರನ್ನು ಓಡಿಸಿಕೊಂಡು ಹೋಗುವುದು ಹೇಗೆ? ಗಿರಣಿಯ ಜೋಡಿ ಎತ್ತುಗಳನ್ನು ಕಟ್ಟಿಸಬೇಕಾಯಿತು. ನಾನು ಸ್ಟೇರಿಂಗ್ ಹಿಡಿದು ಕೂತೆ. ಪೇಟೆಯ ನಡುವೆ ಸ್ಪೋರ್ಟ್ಸ್ ಕಾರಿನ ಮೆರವಣಿಗೆ ಹೊರಟಿತು. "ಮಾವಾ, ಬಾರುಕೋಲು ಬೇಕಾ?" ಎಂದು ಕಾಫಿ ಕ್ಲಬ್ಬಿನ ಜಗಲಿಯಿಂದ ಯಾರೋ ಕೂಗಿದರು. ನಾನೂ ನಕ್ಕೆ. ಡ್ರೈವರ್ ಮಾತ್ರ ಕಾರಿನ ಬಾಗಿಲ ಮೇಲೆ ಕೈಯಿಟ್ಟುಕೊಂಡು, ಮಸಾಣದ ದಾರಿಯಲ್ಲಿ ನಡೆಯುವವನಂತೆ ಪಕ್ಕದಲ್ಲೇ ನಡೆದು ಬಂದ. ಹೇಮಾವತಿಯ ಸೇತುವೆ ದಾಟಿದ ಮೇಲೆ, "ಇನ್ನು ಹೋಗಪ್ಪಾ," ಎಂದೆ. ಬಾನೆಟ್ಟು ಮುಟ್ಟಿ ನಮಸ್ಕಾರ ಮಾಡಿ ಹಿಂದಿರುಗಿದ.

ಇನ್ನೊಂದು ಮೈಲಿ ಕಳೆದು, ಹಾಸನದಿಂದ ನನ್ನ ಲಾರಿ ಬರುತ್ತದೆ ಎಂದು ಎತ್ತಿನವನನ್ನೂ ಕಳಿಸಿದೆ. ಎತ್ತುಗಳ ಗೆಜ್ಜೆ ಕೇಳಿಸದಷ್ಟು ದೂರವಾದ ಮೇಲೆ ಸ್ಟಾರ್ಟ್ ಮಾಡಿ ಹಾಸನಕ್ಕೆ ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಮುಳ್ಳು ಸೊನ್ನೆಯ ಮೇಲೇ ಇತ್ತು. ನನಗೆ ಎಳ್ಳಷ್ಟೂ ಹೆದರಿಕೆಯಾಗಲಿಲ್ಲ.

ರಿಪೇರಿ ಒಂದೇ ಗಂಟೆಯ ಕೆಲಸ. ಇಂಥದ್ದು ನಿಮಗೆ ಎದುರಾದರೆ ಮೀಟರು ಬಿಚ್ಚಿ ಮುರಿಯಲು ಹೋಗಬೇಡಿ. ಮೊದಲು ಮೀಟರಿನ ಹಿಂದೆ ಪೈಪು ಸೇರುವ ನಟ್ಟು ಸಡಿಲಿಸಿ, ಎಂಜಿನ್ ಚಾಲೂ ಮಾಡಿ. ಅಲ್ಲಿ ಎಣ್ಣೆ ಜಿನುಗಿದರೆ ಮೀಟರಿನದೇ ತಪ್ಪು. ಜಿನುಗದಿದ್ದರೆ ಎಂಜಿನ್ನಿನ ತುದಿಯಲ್ಲಿ ಬಿಚ್ಚಿ ನೋಡಿ. ನಾನು ಅಲ್ಲಿ ಬಿಚ್ಚಿದೆ. ಎಣ್ಣೆ ಚಿಮ್ಮಿ ಅಂಗಿಗೆಲ್ಲ ಹಾರಿತು; ಕಟ್ಟಿಕೊಂಡದ್ದು ಪೈಪೇ. ಪೈಪನ್ನು ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಊದಿದೆ. ಗಟ್ಟಿಯಾಗಿದ್ದ ಕರಿ ಮಡ್ಡಿಯ ತುಣುಕೊಂದು ಅನ್ನದ ಅಗುಳಿನಷ್ಟು ಹೊರಗೆ ಬಿತ್ತು. ಹಳೆಯ ತಾಮ್ರ ಅದುರಿ ಅದುರಿ ಬಿರುಸಾಗಿರುತ್ತದೆ. ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮೆತ್ತಗಾಗುತ್ತದೆ. ನಡುವೆ ಒಂದು ಸುರುಳಿ ಬಿಟ್ಟು ಕೂರಿಸಿದರೆ ಮುಂದೆಂದೂ ಸೀಳುವುದಿಲ್ಲ. ಹಾಗೆಯೇ ಕೂರಿಸಿ ಸ್ಟಾರ್ಟ್ ಮಾಡಿದೆ. ಮುಳ್ಳು ಸರ್ರನೆ ಐವತ್ತಕ್ಕೆ ಎದ್ದು ನಿಂತಿತು. ತಿಂಗಳೊಳಗೆ ಕಾರನ್ನು ಒಳ್ಳೆಯ ಲಾಭಕ್ಕೆ ಮಾರಿದೆ.

ಮುಂದಿನ ವರ್ಷ ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ ಕೊಬ್ಬರಿ ಮಂಡಿಯ ಮುಂದೆ ಮೂಟೆ ಹೊರುತ್ತಿದ್ದವನೊಬ್ಬ, "ನಮಸ್ಕಾರ ಸಾ," ಎಂದ. ಅದೇ ಡ್ರೈವರ್.

"ಲಾರಿ ಏನಾಯ್ತು?"

"ಬುಡ್ಸುಬುಟ್ರು ಸಾ. ಯಜಮಾನ್ರ ಕಾರು ಕೆಡಿಸ್ದೋನ ಕೈಗೆ ಲಾರಿ ಎಂಗೆ ಕೊಡಾದು ಅಂದ್ರು ಅಮ್ಮಾವ್ರು. ಬೇರೆ ಕಡೆ ಕೇಳಿದ್ರೆ, ಎಣ್ಣೆ ನೋಡ್ದೆ ಇಂಜಿನ್ ಸಾಯಿಸ್ದೋನು ನೀನೇ ಅಲ್ವೇನ್ಲಾ ಅಂತಾರೆ." ಮೂಟೆ ಇಳಿಸಿ ಬೆವರು ಒರೆಸಿಕೊಂಡ. "ಈಗೀಗ ನಂಗೇ ಅನುಮಾನ ಕಣ್ ಸಾ. ಯಾವ್ದೋ ಒಂದಿನ ನೋಡ್ದೆ ಬುಟ್ಬುಟ್ನೇನೋ ಅಂತ."

ಕಾಫಿ ಕುಡಿಸಿದೆ, ಅದೂ ಇದೂ ಮಾತಾಡಿದೆ, ಬಸ್ಸು ಹತ್ತಿದೆ. ತನ್ನ ಕೈಕೆಲಸವನ್ನೇ ಆತ ನಂಬದಂತೆ ಮಾಡಿಬಿಟ್ಟಿದ್ದೆ.

ಮಾರನೆಯ ದಿನವೇ ಹೊಳೆನರಸೀಪುರಕ್ಕೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದೇ ಹೊರಟಿದ್ದೆ. ಅಮ್ಮನವರ ಎದುರು ಕೂತ ಮೇಲೆ ಬಾಯಿಗೆ ಬಂದದ್ದೇ ಬೇರೆ. "ತಾಯೀ, ಈಚೆಗೆ ಪೂರಾ ಬಿಚ್ಚಿ ನೋಡಿದಾಗ ಗೊತ್ತಾಯ್ತು, ಕೆಟ್ಟಿದ್ದು ಮೀಟರಿನ ಪೈಪು ಮಾತ್ರ. ಎಂಜಿನ್ ಸರಿಯಾಗಿತ್ತು. ನಾನೂ ಮೋಸಹೋದೆ. ಡ್ರೈವರದು ತಪ್ಪಿಲ್ಲ." ಬೆಲೆಯ ವ್ಯತ್ಯಾಸವನ್ನು ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. "ನೀವಾಗಿದ್ದಕ್ಕೆ ಬಂದು ಹೇಳಿದ್ರಿ. ಇನ್ನೊಬ್ರಾಗಿದ್ರೆ ಹೇಳ್ತಿದ್ರಾ? ನಾನೇ ಅವನಿಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ," ಎಂದು ಕಣ್ಣೊರೆಸಿಕೊಂಡರು. ತಪ್ಪೊಪ್ಪಿಕೊಳ್ಳಲು ಹೋದವನು ಒಳ್ಳೆಯವನೆನಿಸಿಕೊಂಡು, ಉಪ್ಪಿಟ್ಟು ತಿಂದು ಎದ್ದು ಬಂದೆ.

ಅವರು ಆಳು ಕಳಿಸಿ ಆತನನ್ನು ಕರೆಸಿಕೊಂಡರು. ಕೆಲವು ವಾರ ಕಳೆದು ಗಿರಣಿಯ ಲಾರಿ ನನ್ನ ಶೆಡ್ಡಿನ ಮುಂದೆ ನಿಂತಿತು. ಆತ ಇಳಿದು ಬಂದ. ಮುಖ ತಿಳಿಯಾಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ ಸಾ. ಇಂಜಿನ್ ಸರಿಯಾಗೈತೆ ಅಂತ ನಿಮ್ಗೆ ಅವತ್ತೇ ಗೊತ್ತಿತ್ತಾ?"

ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಹೌದು ಎಂದಿದ್ದರೆ ನನಗೆ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

"ಇಲ್ಲ ಕಣಪ್ಪಾ," ಎಂದೆ. "ಗೊತ್ತಿದ್ದಿದ್ದರೆ ಹೇಳ್ತಿರಲಿಲ್ಲವಾ?"

ಆತ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತಲೆಯಾಡಿಸಿದ. "ಅದೂ ದಿಟವೇ ಬುಡಿ. ನಿಮ್ಮಂತೋರ್ಗೇ ತಿಳೀಲಿಲ್ಲ ಅಂದ್ಮ್ಯಾಲೆ ನಂಗೆಂಗೆ ತಿಳೀಬೇಕು," ಎಂದು ನಗುತ್ತಾ ಲಾರಿ ಹತ್ತಿದ. ನಾನು ಬಾಗಿಲವರೆಗೂ ಹೋಗಿ ಕೈ ಎತ್ತಿದೆ.