ಕಾಕಿಯ ಎಕ್ಸ್‌ರೇಯಲ್ಲಿ ಕಂಡದ್ದು

ಕಳೆದ ತಿಂಗಳು ನವಿ ಮುಂಬಯಿಯ ಐರೋಲಿಯ ಆಸ್ಪತ್ರೆಯಲ್ಲಿ ನನಗೆ ಎಂಡೋಸ್ಕೋಪಿ ಮಾಡುವ ಮೊದಲು ಗಂಟಲು ಮರಗಟ್ಟಲೆಂದು ಔಷಧ ಸಿಂಪಡಿಸಿದರು. ಅತಿಯಾಗಿ ಹಣ್ಣಾದ ಬಾಳೆಹಣ್ಣಿನಂಥ ವಾಸನೆ. ಹಿಂದೊಮ್ಮೆ ಇದೇ ವಾಸನೆ ಕಾಕಿಯ ಉಸಿರಿನಲ್ಲಿತ್ತು...

ಮುಂಬಯಿ ಬಳಿಯ ಡೊಂಬಿವಲಿಯ ಚಾಳಿನಲ್ಲಿ ಕಾಕಾ-ಕಾಕಿಯದು ನಮ್ಮ ಪಕ್ಕದ ಖೋಲಿ, ಒಂದೇ ಕೋಣೆಯ ಮನೆ. ವಿಜಾಪುರದ ಕಡೆಯವರು, ಮಕ್ಕಳಿರಲಿಲ್ಲ. ಕಾಕಾ ಠಾಣೆಯ ಕಾರ್ಖಾನೆಯಲ್ಲಿ ಕಬ್ಬಿಣ ಬಡಿಯುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಕಾಕಿಯ ಕಣ್ಣು ಹಳದಿಯಾಯಿತು. ಕಾಮಾಲೆಯೆಂದು ನಾಟಿ ಔಷಧ ಕುಡಿದರು, ಉಪ್ಪು ಖಾರ ಬಿಟ್ಟರು. ಹಳದಿ ಇಳಿಯಲಿಲ್ಲ, ಮೈ ಸೊರಗಿ ಸೀರೆಯ ನೆರಿಗೆ ಮಾತ್ರ ಹೆಚ್ಚುತ್ತಾ ಹೋಯಿತು.

ಕೊನೆಗೆ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಇಲ್ಲೇ ಶಾಲೆ ಕಲಿತ ನನಗೆ ಮರಾಠಿ ಬರುತ್ತಿತ್ತು. ಡಾಕ್ಟರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: "ಬಾಯಿಂದ ದೀಪ ಇರುವ ನಳಿಗೆ ಇಳಿಸ್ತಾರೆ ಕಾಕಿ. ಪಿತ್ತ ಹರಿಯುವ ದಾರಿಗೆ ಔಷಧ ಬಿಟ್ಟು ಎಕ್ಸ್‌ರೇ ತೆಗೀತಾರೆ."

"ದೀಪಾ ನುಂಗಬೇಕೇನ?" ಎಂದು ಕಾಕಿ ನಕ್ಕರು.

ಎಕ್ಸ್‌ರೇಯಲ್ಲಿ ಔಷಧದ ಬಿಳಿ ಗೆರೆ ಪಿತ್ತದ ದಾರಿಗೆ ಕೂಡುವ ಮೇದೋಜೀರಕ ಗ್ರಂಥಿಯ ನಾಳದೊಳಗೆ ತುಸು ದೂರ ಹೋಗಿ ತಟ್ಟನೆ ನಿಂತುಬಿಟ್ಟಿತ್ತು. ಕ್ಯಾನ್ಸರ್, ಕತ್ತರಿಸಿ ತೆಗೆಯುವ ಹಂತ ದಾಟಿದೆ ಎಂದರು ಡಾಕ್ಟರು. ಕಾಕಾ ನನಗೆ ಕೈ ಮುಗಿದರು. "ಆಕಿಗೆ ಹೇಳಬ್ಯಾಡವಾ."

ಮರಳುವಾಗ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕಾಕಿ ನನ್ನ ಹೆಗಲಿಗೊರಗಿದ್ದರು. ಗಂಟಲಿಗೆ ಸಿಂಪಡಿಸಿದ್ದ ಔಷಧದ ಬಾಳೆಹಣ್ಣಿನ ವಾಸನೆ ಉಸಿರಿನಲ್ಲಿ ಇನ್ನೂ ಇತ್ತು. "ಖರೇ ಹೇಳ ತಂಗೀ. ನನಗ ಮರಾಠಿ ಬರೂದಿಲ್ಲ. ನೀನೂ ಹೇಳದಿದ್ರ ನಾ ಯಾರನ್ನ ಕೇಳ್ಲಿ?"

ಹೇಳಿದೆ.

ಠಾಣೆ ದಾಟುವವರೆಗೂ ಕಾಕಿ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ, "ಅವ್ರಿಗೆ ಒಂದು ಚಾ ಮಾಡಾಕೂ ಬರೂದಿಲ್ಲವಾ..." ಎಂದರು.

ಮರುದಿನವೇ ಪಥ್ಯ ಮುರಿದು ಚೂರು ಮೆಣಸಿನಕಾಯಿ ಚಟ್ನಿ ನೆಕ್ಕಿದರು. ಸಂಜೆ ಕಾಕಾರನ್ನು ಸ್ಟೋವಿನ ಮುಂದೆ ಕೂರಿಸಿ, ತಾವು ಗೋಡೆಗೊರಗಿ ಪಾಠ ಶುರುಮಾಡಿದರು. "ಹಗೂರ ಬಡೀರಿ. ಅದು ರೊಟ್ಟಿ, ಕಬ್ಬಿಣ ಅಲ್ಲ." ಕಾಕಾ ಕಣ್ಣೊರೆಸಿಕೊಳ್ಳುತ್ತಲೇ ಬಡಿದರು. ನಾನು ಹೇಳಿಬಿಟ್ಟದ್ದಕ್ಕೆ ಅವರು ಎಂದೂ ಬೈಯಲಿಲ್ಲ. ದಿನಗಳು ಕಳೆದಂತೆ ಕಾಕಿಯ ದನಿ ಸಣ್ಣಗಾಯಿತು. ಆದರೂ ಇಬ್ಬರೂ ನಗುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

ಮಳೆಗಾಲ ಮುಗಿಯುವ ಮೊದಲೇ ಕಾಕಿ ಹೋದರು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಪಕ್ಕದ ಖೋಲಿಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ನನ್ನ ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಕಾಕಾ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ರೊಟ್ಟಿಯ ಅಂಚು ಬಿರಿದಿತ್ತು.

"ನೋಡವಾ, ಬರೋಬ್ಬರಿ ಆಗ್ಯಾವೇನು?"

"ಆಗಿವೆ ಕಾಕಾ," ಎಂದೆ.

ಆಮೇಲೆ ಕಾಕಾ ಊರಿಗೆ ಹೋದರು, ಅಲ್ಲೇ ತೀರಿಕೊಂಡರಂತೆ. ಅಮ್ಮನೂ ಇಲ್ಲ. ಚಾಳಿದ್ದ ಜಾಗದಲ್ಲಿ ಎತ್ತರದ ಕಟ್ಟಡ ಎದ್ದಿದೆ. ಕಾಕಿ ಹೇಗೆ ನಗುತ್ತಿದ್ದರೆಂದು ಬಲ್ಲವರು ಈಗ ಬಹುಶಃ ನಾನೊಬ್ಬಳೇ...