ಕರಿ ಮುಚ್ಚಳದ ಮೇಲಿನ ವಿಭೂತಿ

ಪುಣೆಯ ಶಿವಾಜಿನಗರದಲ್ಲಿ ಹೆರಿಗೆ ಡಾಕ್ಟರ್ ಸುಲಭಾಬಾಯಿಯವರ ಮೋಟಾರು ಓಡಿಸುತ್ತಿದ್ದವನು ಮುರುಗೆಪ್ಪ. ಇಬ್ಬರೂ ಧಾರವಾಡದ ಕಡೆಯವರು. ಬೆಳಗಾದರೆ ಸಾಕು, ಅವನು ಬಾನೆಟ್ ಎತ್ತಿ, ಎಂಜಿನ್ನಿನ ಪ್ಲಗ್ಗುಗಳಿಗೆ ಕರೆಂಟು ಹಂಚುವ ಕರಿ ಮುಚ್ಚಳದ ಮೇಲೆ ಒದ್ದೆ ವಿಭೂತಿಯ ಮೂರು ಗೆರೆ ಎಳೆಯುತ್ತಿದ್ದ. ಗಾಡಿಯ ಹಣೆ ಅದೇ ಎಂದು ಈ ಪುಣ್ಯಾತ್ಮ ತೀರ್ಮಾನಿಸಿಬಿಟ್ಟಿದ್ದ. ಬೇಸಿಗೆ ಮುಗಿಯುವವರೆಗೆ ಗಾಡಿಯೂ ತಕರಾರು ಮಾಡಲಿಲ್ಲ.

ಮಳೆ ಹಿಡಿದದ್ದೇ ತಡ, ಗಾಡಿ ಹಟಕ್ಕೆ ಬಿತ್ತು. ಬಿಸಿಲಿದ್ದ ದಿನ ಒಂದೇ ಸಲಕ್ಕೆ ಶುರುವಾಗುವುದು. ಜಿಟಿಜಿಟಿ ಹಿಡಿದರೆ ಗೊರಗುಟ್ಟಿ ಸುಮ್ಮನಾಗುವುದು. ಮುರುಗೆಪ್ಪ ಪೆಟ್ರೋಲು ಸೋಸಿದ, ವೈರುಗಳನ್ನು ಒರೆಸಿದ, ಹೆಂಡತಿ ಕಲ್ಲವ್ವನ ಒಲೆಯ ಮುಂದೆ ಪ್ಲಗ್ಗುಗಳನ್ನು ಕಾಯಿಸಿದ. ಕರಿ ಮುಚ್ಚಳವನ್ನು ಮಾತ್ರ ಒರೆಸಲಿಲ್ಲ. ಶಿವನ ಗುರುತು ಒರೆಸುವುದುಂಟೇ? ಇನ್ನಷ್ಟು ದಪ್ಪಗೆ ಬಳಿದ. ಹಿಂದಿನ ವಾರ ಗಾಡಿ ಏಳದೆ ಬಾಯಿಯವರು ಟಾಂಗಾ ಹಿಡಿದು ಒಂದು ಹೆರಿಗೆಗೆ ಹೋಗುವಷ್ಟರಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಅಂದಿನಿಂದ ಅವನು ನಡುರಾತ್ರಿಯಲ್ಲೂ ಎದ್ದು ಹೋಗಿ ಗಾಡಿ ನೋಡಿ ಬರುತ್ತಿದ್ದ.

ಇಂದು ಮತ್ತೆ ಜಿಟಿಜಿಟಿ. ಊರಾಚೆಯ ಹಡಪಸರದಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದಿದ್ದ. ಅವನ ಹೆಂಡತಿ ಗೋದಾಳ ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು. ಮುರುಗೆಪ್ಪ ಸ್ಟಾರ್ಟರ್ ಒತ್ತಿದ, ಇಳಿದು ಬಾನೆಟ್ಟಿನೊಳಗೆ ನೋಡಿದ, ಮತ್ತೆ ಹತ್ತಿ ಒತ್ತಿದ. ಗಾಡಿ ಜಪ್ಪಯ್ಯ ಎನ್ನಲಿಲ್ಲ.

"ನೀನ ಒತ್ತಿ, ನೀನ ಓಡಿ ಬಂದು ನೋಡೋದು ಅಂದ್ರ ಏನ್ ಕಾಣ್ತದ? ನೀ ಅಲ್ಲೇ ನಿಂದ್ರು, ನಾ ಒತ್ತತೀನಿ," ಎಂದು ಬಾಯಿಯವರು ತಾವೇ ಹತ್ತಿ ಕುಳಿತರು. ಎರಚಲು ಒಳಗೆ ಬಾರದಂತೆ ಸೈಕಲ್ಲಿನವನು ಶೆಡ್ಡಿನ ತಗಡಿನ ಬಾಗಿಲೆಳೆದ. ಒಳಗೆಲ್ಲ ಕತ್ತಲಾಯಿತು.

ಬಾಯಿಯವರು ಸ್ಟಾರ್ಟರ್ ಒತ್ತಿದರು. ಕರಿ ಮುಚ್ಚಳದ ಮೇಲೆ, ಸರಿಯಾಗಿ ಆ ಗೆರೆಗಳ ಗುಂಟ, ನೀಲಿ ಕಿಡಿ ಚಟಚಟ ಹರಿದು ಕಬ್ಬಿಣಕ್ಕೆ ಇಳಿಯಿತು. ಮುರುಗೆಪ್ಪ ಮೊದಲು ಕೈ ಮುಗಿದುಬಿಟ್ಟ. ಕೈ ಮುಗಿದಂತೆಯೇ ಅವನಿಗೆ ಹೊಳೆಯಿತು: ತೇವ ಕುಡಿದ ಬೂದಿ ಪ್ಲಗ್ಗಿಗೆ ಹೋಗಬೇಕಾದ ಕರೆಂಟನ್ನು ದಾರಿಯಲ್ಲೇ ತಿನ್ನುತ್ತಿತ್ತು.

"ನಿಲ್ಲಸ್ರಿ ಬಾಯಾರ!"

ತಲೆಯ ರುಮಾಲು ಬಿಚ್ಚಿ, "ಶಿವನೇ, ತಪ್ಪು ತಿಳೀಬ್ಯಾಡ" ಎನ್ನುತ್ತ, ಗೆರೆ ಉಳಿಯದಂತೆ ತಿಕ್ಕಿದ. ಬಾಯಿಯವರು ಮತ್ತೆ ಒತ್ತಿದರು. ಎಂಜಿನ್ ಗುಡುಗಿತು. ಸೈಕಲ್ಲಿನವನೂ ಹತ್ತಿದ.

ರಸ್ತೆಯಲ್ಲಿ ಅವನು ಹಿಂದೆ ತಿರುಗದೆ ಹೇಳಿದ: "ಬಾಯಾರ, ಹ್ವಾದ ವಾರನೂ ಇದ ಆಗಿತ್ರಿ. ವಿಭೂತಿ ನಾನ ಬಳದಿದ್ದೆ. ಆ ಕೂಸು ನನ್ನಿಂದ ಹೋತು."

ಬಾಯಿಯವರು ಮುಂದಕ್ಕೆ ಬಾಗಿದರು.

"ಜೋರ್ ಹೊಡಿ, ಮುರುಗೆಪ್ಪ. ಇದನ್ನರ ಉಳಿಸೋಣ."

ಹಡಪಸರದಲ್ಲಿ ಅವನು ಗಾಡಿ ಬಂದ್ ಮಾಡಲಿಲ್ಲ, ಧೈರ್ಯವಾಗಲಿಲ್ಲ. ಎಂಜಿನ್ನಿನ ಸದ್ದಿನ ಮೇಲೆ ಕೊನೆಗೊಮ್ಮೆ ಕೂಸಿನ ಅಳು ಕೇಳಿತು. ಗೋದಾಳ ಗಂಡ ಅಂಗಳದಲ್ಲಿ ಕುಣಿಯುತ್ತಿದ್ದ. ಮುರುಗೆಪ್ಪ ಬೂದಿ ಮೆತ್ತಿದ ರುಮಾಲಿನಲ್ಲಿ ಮುಖ ಮುಚ್ಚಿಕೊಂಡು, ಅಳದೇ ಹೋದ ಇನ್ನೊಂದು ಕೂಸಿಗಾಗಿ ಬಿಕ್ಕಿ ಬಿಕ್ಕಿ ಅತ್ತ.